ಆರು, ಹನ್ನೊಂದು, ಆರು

ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಇದೊಂದು ಮಾತು ಹೇಳಿಬಿಡಿ: ಡಿಗ್ರಿಯ ಒರಿಜಿನಲ್ ಸರ್ಟಿಫಿಕೇಟನ್ನು ಯಾವ ಧಣಿಯ ಕೈಗೂ ಕೊಡಬಾರದು. ತೋರಿಸಲಿ, ಝೆರಾಕ್ಸ್ ಕೊಡಲಿ, ಝೆರಾಕ್ಸಿನ ಮೇಲೆ ಬೇಕಾದಷ್ಟು ಸಹಿ ಹಾಕಲಿ. ಒರಿಜಿನಲ್ ಮಾತ್ರ ಸಂಜೆ ಅವರ ಜೊತೆಗೇ ಮನೆಗೆ ವಾಪಸು ಬರಬೇಕು. ಕೇಳಿದವರಿಗೆ ಇದನ್ನು ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತ ಅಪರಿಚಿತರಿಗೂ ಹೇಳಿ, ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಬೆಳಗಾವಿ ಕಡೆಯಿಂದ ಪುಣೆಗೆ ಬಂದವನು ನಾನು. ಭೋಸರಿಯ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿಗೆ ಬೇಕಾದ ಕಲಿಕೆಯ ಪೆಟ್ಟಿಗೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಮಾಲೀಕರು ನಮ್ಮ ಕಡೆಯವರೇ. ಮೊದಲು ಮೋಟಾರ್ ವೈಂಡಿಂಗಿನ ತಂತಿ ಮಾರುತ್ತಿದ್ದವರು, ಊರೂರಿಗೆ ಕಾಲೇಜು ಏಳುವುದನ್ನು ನೋಡಿ ಈ ಧಂದೆಗೆ ಇಳಿದಿದ್ದರು. ಇಂಟರ್‌ವ್ಯೂ ಎಂದರೆ ಒಂದು ಕಪ್ ಚಹಾ ಅಷ್ಟೆ.

"ನೀ ನಮ್ಮ ಕಡೆಯಾವ ಅಂತ ತಗೋತೀನಿ. ಎರಡು ವರ್ಷ ಬಿಟ್ಟು ಹೋಗಂಗಿಲ್ಲ ಅಂತ ಬರಕೊಡು. ಸರ್ಟಿಫಿಕೇಟ್ ನನ್ನ ಕಪಾಟಿನಾಗ ಇರಲಿ," ಎಂದರು.

"ಅದ್ಯಾಕ್ರಿ ಸಾಹುಕಾರ್ರ?"

"ಕೆಲಸ ಕಲತ ಕೂಡಲೇ ಹಾರ್ತೀರಪಾ ನೀವು. ನಂಗ ಅನುಭವ ಅದ."

ನಾನು ಅಂಥ ಮೆತ್ತಗಿನವನಲ್ಲ. ಸಂತೆಯಲ್ಲಿ ಬದನೆಕಾಯಿಗೂ ಚೌಕಾಶಿ ಮಾಡಿ ಬೆಳೆದವನು. ಸರ್ಟಿಫಿಕೇಟು ಕೊಡಬೇಕಾದರೆ ಪಗಾರ ಏರಿಸಬೇಕೆಂದೆ. ಅವರು ಮುಖ ಸಿಂಡರಿಸಿ ಒಂದಿಷ್ಟು ಏರಿಸಿದರು. ಆವತ್ತು ಪಿಂಪ್ರಿಯ ನನ್ನ ಕೋಣೆಯವರೆಗೆ ನಡೆದುಕೊಂಡೇ ಬಂದೆ, ಗೆದ್ದ ಸಂತೋಷಕ್ಕೆ.

ಎರಡು ವರ್ಷ ಕಳೆದವು. ಸರ್ಟಿಫಿಕೇಟು ಕೇಳಿದಾಗಲೆಲ್ಲ ಮಾಲೀಕರದು ಒಂದೇ ಉತ್ತರ: "ಕೈಯಾಗಿನ ಕೆಲಸ ಮುಗಿಸಿ ತಗೊಂಡು ಹೋಗಪಾ, ನಾ ಏನ್ ಉಪ್ಪಿನಕಾಯಿ ಹಾಕ್ತೀನೇನು?" ಆದರೆ ಅವರ ಶೆಡ್ಡಿನಲ್ಲಿ ಒಂದು ಕೆಲಸ ಕೈಯಿಂದ ಇಳಿಯುವ ಮೊದಲೇ ಇನ್ನೊಂದನ್ನು ಕೈಗೆ ಇಟ್ಟುಬಿಡುತ್ತಿದ್ದರು. ಪೆಟ್ಟಿಗೆ ಕಟ್ಟುವವನೂ ನಾನೇ, ಜೊತೆಗೆ ಕೊಡುವ ಮ್ಯಾನ್ಯುಅಲ್ ಬರೆಯುವವನೂ ನಾನೇ, ಕಾಲೇಜಿಗೆ ಹೊತ್ತೊಯ್ದು ಜೋಡಿಸಿ ಪ್ರೊಫೆಸರರ ಸಹಿ ತರುವವನೂ ನಾನೇ. ಅಷ್ಟು ಕೆಲಸ ಬರುವವನನ್ನು ಯಾರು ಬಿಡುತ್ತಾರೆ? ನಾನು ಮಾಲೀಕನಾಗಿದ್ದರೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಚಿಂಚವಡ ಕಡೆಯ ದೊಡ್ಡ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಮುಂದಿನ ತಿಂಗಳ ಒಂದನೇ ತಾರೀಖು ಹಾಜರಾಗಬೇಕು, ಒರಿಜಿನಲ್ ಸರ್ಟಿಫಿಕೇಟುಗಳನ್ನು ಆವತ್ತೇ ತೋರಿಸಬೇಕು. ಇಲ್ಲವಾದರೆ ಜಾಗ ಇನ್ನೊಬ್ಬರಿಗೆ. ಮಾಲೀಕರಿಗೆ ವಿಷಯ ಹೇಳಿದೆ. ಅವರು ಕೂಗಾಡಲಿಲ್ಲ. ಕಪಾಟಿನ ಬೀಗದಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು, "ಇಂದಾಪುರ ರಸ್ತಾದ ಕಾಲೇಜಿಂದೊಂದು ಸಹಿ ಉಳದದ. ಆ ಪ್ರೊಫೆಸರ್ ಭಾಳ ಕಿರಿಕಿರಿ ಮನಷ್ಯಾ. ಇನ್‌ಸ್ಟಲೇಷನ್ ರಿಪೋರ್ಟಿನ ಮ್ಯಾಲೆ ಅವರ ಸಹಿ ತಗೊಂಡು ಬಾ, ಆವತ್ತ ನಿನ್ನ ಸರ್ಟಿಫಿಕೇಟ್ ಕೈಯಾಗ ಇಡ್ತೀನಿ," ಎಂದರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಅದಕ್ಕೇ ಒಪ್ಪಿಕೊಂಡೆ.

ಆ ಕಾಲೇಜಿಗೆ ಕೊಟ್ಟಿದ್ದು ಎಂಥ ಪೆಟ್ಟಿಗೆ ಎಂಬುದನ್ನು ಸ್ವಲ್ಪ ಹೇಳಬೇಕು. ಒಂದು ಮೋಟಾರೋ ಬಾಯ್ಲರೋ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಉದ್ದನೆಯ ಒಂದೇ ಸಮೀಕರಣವಾಗಿ ಬರೆಯಬಹುದು. ಅದನ್ನೇ ಮೂರು ಚಿಕ್ಕ ಸಮೀಕರಣಗಳಾಗಿ ಒಡೆದು, ಒಂದರ ಕೆಳಗೊಂದು ಪೇರಿಸಿ, ಅಂಕಿಗಳ ಚೌಕವಾಗಿಯೂ ಬರೆಯಬಹುದು. ಒಡೆಯಲು ದಾರಿಗಳು ಎಷ್ಟೋ ಇದ್ದರೂ ಎಲ್ಲರೂ ಒಪ್ಪಿಕೊಂಡ ಕೆಲವು ಅಚ್ಚುಗಳಿವೆ. ಅವಕ್ಕೆ ಕೆನಾನಿಕಲ್ ಫಾರ್ಮ್ ಎನ್ನುತ್ತಾರೆ. ನಾವು ಪುಸ್ತಕದಿಂದ ಕಲಿತ ಅಚ್ಚಿನಲ್ಲಿ ಚೌಕದ ತುಂಬ ಬರೀ ಸೊನ್ನೆ ಮತ್ತು ಒಂದು. ಯಂತ್ರದ ಗುಣವೆಲ್ಲ ಕಟ್ಟಕಡೆಯ ಸಾಲಿನಲ್ಲಿ. ಉದ್ದನೆಯ ಸಮೀಕರಣದ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಎತ್ತಿಕೊಂಡು, ಮೈನಸ್ ಹಚ್ಚಿ, ಆ ಸಾಲಿನಲ್ಲಿ ಕೂರಿಸಿದರೆ ಮುಗಿಯಿತು.

ನಮ್ಮ ಪೆಟ್ಟಿಗೆ ಈ ಚೌಕವನ್ನೇ ತಂತಿಯಲ್ಲಿ ಕಟ್ಟಿದ್ದು. ಒಂದರ ಹಿಂದೊಂದು ಮೂರು ಇಂಟಿಗ್ರೇಟರ್‌ಗಳು, ಎಂದರೆ ಒಳಗೆ ಬಂದ ವೋಲ್ಟೇಜನ್ನು ಕೂಡಿಸುತ್ತ ಹೋಗುವ ಸರ್ಕ್ಯೂಟುಗಳು; ಪ್ರತಿಯೊಂದರ ಕೆಳಗೆ ಹೆಸರಿನ ಚೀಟಿ: ಎಕ್ಸ್ ಒಂದು, ಎಕ್ಸ್ ಎರಡು, ಎಕ್ಸ್ ಮೂರು. ಅದರ ಕೆಳಗೆ, ಕೊನೆಯ ಸಾಲಿನ ಅಂಕಿಗಳನ್ನು ಕೂರಿಸಲು ಮೂರು ನಾಬ್. ಬದಿಗೆ ಮುಳ್ಳಿನ ಮೀಟರು. ಮ್ಯಾನ್ಯುಅಲ್ಲಿನ ಲೆಕ್ಕವನ್ನೆಲ್ಲ ನಾನೇ ಕೈಯಿಂದ ಮಾಡಿದ್ದೆ. ಉದಾಹರಣೆಗೆ ತೆಗೆದುಕೊಂಡಿದ್ದು ಎಲ್ಲ ಪುಸ್ತಕಗಳಲ್ಲೂ ಇರುವಂಥದ್ದೇ. ಕೊನೆಯ ಸಾಲಿನಲ್ಲಿ ಮೈನಸ್ ಆರು, ಮೈನಸ್ ಹನ್ನೊಂದು, ಮೈನಸ್ ಆರು ಬರುವುದು.

ಸ್ವಾರಗೇಟಿನಿಂದ ಎಸ್‌ಟಿ ಬಸ್ಸು ಹಿಡಿದು, ಪಾಟಸ್, ಭಿಗವಣ ದಾಟಿ, ಎರಡೂ ಕಡೆ ಕಬ್ಬಿನ ಹೊಲಗಳಿದ್ದ ಆ ಹೊಸ ಕಾಲೇಜಿಗೆ ಹೋದೆ. ಪ್ರೊಫೆಸರರು ಧಾರವಾಡದವರಂತೆ. ನನ್ನ ಮರಾಠಿ ಕೇಳಿದ ಕೂಡಲೇ, "ಕನ್ನಡದಾಗ ಮಾತಾಡ್ರಿ, ನಿಮ್ಮ ಮರಾಠಿ ಕೇಳಿದ್ರ ನಂಗ ಧಾರವಾಡ ನೆನಪಾಗತದ," ಎಂದರು. ಈ ಸಹಿ ಇನ್ನೇನು ಸಿಕ್ಕಿತು ಎಂದುಕೊಂಡೆ. ಆದರೆ ಅವರು ನನ್ನ ಮ್ಯಾನ್ಯುಅಲನ್ನು ಕಂಪ್ಯೂಟರಿನ ಪಕ್ಕ ತೆರೆದಿಟ್ಟರು. ಆ ವರ್ಷ ಸಿಲಬಸ್ಸಿಗೆ ಸಾಫ್ಟ್‌ವೇರ್ ಬಂದಿತ್ತು.

"ನಿಮ್ಮ ಪುಸ್ತಕದಾಗ ಆರು, ಹನ್ನೊಂದು, ಆರು ಕೆಳಗಿನ ಸಾಲಿನ್ಯಾಗ ಅದ. ಇಲ್ಲಿ ನೋಡ್ರಿ, ಮ್ಯಾಲಿನ ಸಾಲಿನ್ಯಾಗ ಬಂದದ. ಯಾವುದು ಖರೆ?"

"ಎರಡೂ ಖರೇ ರೀ ಸರ."

"ಎರಡೂ ಖರೆ ಅಂದ್ರ ನಾಳೆ ಹುಡುಗರು ಯಾವುದನ್ನ ಬರೀಬೇಕು?"

ನಾನು ವ್ಯಾಪಾರದ ಧಾಟಿಯಲ್ಲೇ ವಿವರಿಸಿದೆ. ಪುಸ್ತಕ ಔಟ್‌ಪುಟ್ ಕಡೆಯಿಂದ ಎಕ್ಸ್ ಒಂದು ಎಂದು ಎಣಿಸುತ್ತದೆ, ಸಾಫ್ಟ್‌ವೇರ್ ಇನ್‌ಪುಟ್ ಕಡೆಯಿಂದ ಎಣಿಸುತ್ತದೆ. ಇಂಟಿಗ್ರೇಟರ್‌ಗಳು ಅವೇ, ತಂತಿ ಅದೇ. "ಬಸ್ಸಿನ ಸೀಟು ಡ್ರೈವರ್ ಕಡೆಯಿಂದ ಎಣಿಸಿದರೇನು, ಹಿಂದಿನಿಂದ ಎಣಿಸಿದರೇನು, ಬಸ್ಸು ಒಂದೇ ಅಲ್ರಿ?"

"ಬಸ್ಸು ಒಂದೇ ಖರೆ. ಆದರ ಒಂದೇ ಸೀಟಿಗೆ ಇಬ್ಬರು ಟಿಕೀಟು ಹಿಡಕೊಂಡು ಬಂದಾಗ ಕಂಡಕ್ಟರ್ ನಾ ಇರ್ತೀನ್ರಿ, ನೀವಲ್ಲ."

ಅವರ ಕಷ್ಟವೂ ಸುಳ್ಳಲ್ಲ. ಥಿಯರಿ ಪರೀಕ್ಷೆಯಲ್ಲಿ ಕೈಯಿಂದ ಬರೆಯಬೇಕು. ಅಲ್ಲಿ ಪುಸ್ತಕದ ಅಚ್ಚಿಗೇ ಮಾರ್ಕು. ಪ್ರಾಕ್ಟಿಕಲ್‌ನಲ್ಲಿ ಸಾಫ್ಟ್‌ವೇರಿನಿಂದ ತೆಗೆಯಬೇಕು. ಅಲ್ಲಿ ತೆರೆಯ ಮೇಲಿದ್ದದ್ದೇ ಸರಿ. ಹೊರಗಿನಿಂದ ಬರುವ ಪರೀಕ್ಷಕರಿಗೆ ಇದರ ಹಿಂದುಮುಂದು ಕೇಳುವಷ್ಟು ಪುರಸೊತ್ತಿಲ್ಲ. ಎರಡರ ನಡುವೆ ಸಿಕ್ಕಿಕೊಂಡಿದ್ದು ಪ್ರೊಫೆಸರರು. ಹುಡುಗರು ತೆರೆಯ ಮೇಲಿನ ಅಂಕಿ ಓದಿ, ನಾಬ್‌ಗಳಲ್ಲಿ ಕೂರಿಸಿದರೆ, ಮೀಟರು ಕಂಪ್ಯೂಟರಿನ ಉತ್ತರವನ್ನೇ ತೋರಿಸುವಂತೆ ಮಾಡಿಕೊಡಿ ಎಂದು ಹಟ ಹಿಡಿದರು. ಪುಸ್ತಕದ ಅಚ್ಚೂ ಹಾಗೇ ಇರಬೇಕು.

ಭೋಸರಿಗೆ ವಾಪಸು ಬಂದು ಉಪಾಯ ಮಾಡಿದೆ. ಹೆಸರಿನ ಚೀಟಿಗಳ ಮೇಲೆ ಕೂರಿಸುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕತ್ತರಿಸಿ, ಅದರ ಮೇಲೆ ಎಕ್ಸ್ ಒಂದು, ಎರಡು, ಮೂರನ್ನು ಉಲ್ಟಾ ಬರೆದೆ. ಪಟ್ಟಿ ಹಾಕಿದರೆ ಸಾಫ್ಟ್‌ವೇರ್, ತೆಗೆದರೆ ಪುಸ್ತಕ. ಮಾಲೀಕರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಇಷ್ಟ ಏನು? ಇದನ್ನ ಎಲ್ಲಾ ಕಾಲೇಜಿಗೂ ಮಾರಬಹುದಲ್ಲೋ!" ಎಂದು ಖುಷಿಪಟ್ಟರು. ನಾನು ಪಟ್ಟಿಯನ್ನು ಅವರ ಕೈಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಮತ್ತೆ ಹೋಗುವಷ್ಟರಲ್ಲಿ ತಿಂಗಳು ಮುಗಿಯುತ್ತ ಬಂದಿತ್ತು. ಬೆಳಿಗ್ಗೆಯೇ ಲ್ಯಾಬಿನಲ್ಲಿ ಪಟ್ಟಿ ಕೂರಿಸಿದೆ. ಪ್ರೊಫೆಸರರು ಸಾಫ್ಟ್‌ವೇರಿನಲ್ಲಿ ನಮ್ಮ ಉದಾಹರಣೆಯನ್ನೇ ಹಾಕಿ, ಮೇಲಿನ ಸಾಲು ಓದಿದರು. ಆರು, ಹನ್ನೊಂದು, ಆರು. ನಾನು ಎಡದಿಂದ ಬಲಕ್ಕೆ ನಾಬ್ ತಿರುಗಿಸಿ, ಇನ್‌ಪುಟ್‌ಗೆ ಒಂದು ವೋಲ್ಟ್ ಕೊಟ್ಟೆ. ಮುಳ್ಳು ಮೆಲ್ಲಗೆ ಎದ್ದು ಒಂದು ವೋಲ್ಟಿನ ಮೇಲೆ ನಿಂತಿತು. ಕಂಪ್ಯೂಟರಿನ ಗ್ರಾಫಿನ ಗೆರೆಯೂ ಅಲ್ಲೇ ನಿಂತಿತ್ತು.

"ಭೇಷ್," ಎಂದು ಪ್ರೊಫೆಸರರು ಪೆನ್ನು ತೆಗೆದರು. ನಾನು ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿಟ್ಟು, ಸಹಿಯ ಜಾಗದಲ್ಲಿ ಬೆರಳನ್ನೂ ಇಟ್ಟೆ. ಅವಸರ ತೋರಿಸಬಾರದು. ಅಷ್ಟು ವ್ಯಾಪಾರ ಮಾಡಿದವನು, ಆ ಬೆರಳನ್ನು ಇಡಬಾರದಿತ್ತು.

ಪೆನ್ನಿನ ಟೋಪಿ ತೆಗೆದವರು ನನ್ನ ಬೆರಳು ನೋಡಿದರು. "ಗಡಿಬಿಡಿ ಏನದ? ಇನ್ನೊಂದು ನೋಡೂಣಲ್ಲ," ಎಂದು ಬೇರೆ ಸಮೀಕರಣ ಹಾಕಿದರು. ತೆರೆಯ ಮೇಲೆ ಮೇಲಿನ ಸಾಲು ಒಂಬತ್ತು, ಇಪ್ಪತ್ತಾರು, ಇಪ್ಪತ್ತನಾಲ್ಕು ಎಂದು ಬಂತು. ಇನ್‌ಪುಟ್ ಬದಿಯ ಗುಣಕವನ್ನೂ ಅದಕ್ಕೆ ತಕ್ಕಂತೆ ಇಟ್ಟೆವು. ಮುಳ್ಳು ಈ ಸಲವೂ ಒಂದರ ಮೇಲೆ ನಿಲ್ಲಬೇಕು. ಅದು ಒಂದನ್ನು ದಾಟಿತು, ಎರಡನ್ನು ದಾಟಿತು, ಎರಡೂವರೆಯ ಆಚೆ ಹೋಗಿ ನಿಂತಿತು.

ಪ್ರೊಫೆಸರರು ಪೆನ್ನಿಗೆ ಟೋಪಿ ಹಾಕಿದರು. ಟಕ್ ಎಂದ ಆ ಸದ್ದು ನನಗೆ ಕಪಾಟಿನ ಬೀಗ ಹಾಕಿದಂತೆ ಕೇಳಿಸಿತು. ಅಷ್ಟರಲ್ಲಿ ಫ್ಯಾನು ನಿಧಾನವಾಯಿತು, ಕಂಪ್ಯೂಟರು ಕಪ್ಪಾಯಿತು, ಮುಳ್ಳು ಸೊನ್ನೆಗೆ ಬಿತ್ತು. ಲೋಡ್ ಶೆಡ್ಡಿಂಗ್.

"ಇನ್ನ ಸಂಜೀತನಕ ಬರೂದಿಲ್ಲ," ಎಂದು ಅವರು ಕಿಟಕಿ ತೆರೆದು ಕೂತರು.

ಹೊರಗೆ ಕಬ್ಬಿನ ಗರಿಗಳು ಬಿಸಿಲಿಗೆ ಅಲುಗಾಡದೆ ನಿಂತಿದ್ದವು. ಒಳಗೆ ಇಬ್ಬರೇ. ನಾನು ಕಾಗದ ಕೇಳಿ ಪಡೆದು ಮೊದಲಿನಿಂದ ಬರೆಯಲು ಕೂತೆ. ಮೊದಲ ಇಂಟಿಗ್ರೇಟರ್ ಬರೆದೆ, ಅದರಿಂದ ಹೊರಟ ತಂತಿ ಯಾವ ನಾಬ್‌ಗೆ ಹೋಗುತ್ತದೆ ಎಂದು ಬರೆದೆ, ಪಕ್ಕಕ್ಕೆ ಅಂಕಿ ಬರೆದೆ. ಕೈಯಿಂದ ಮಾಡುವ ಲೆಕ್ಕದ ಲಾಭ ಇದು: ಪ್ರತಿ ಅಂಕಿಯೂ ಯಾವ ತಂತಿಯ ಮೇಲಿನದು ಎಂಬುದು ಬರೆಯುವವನಿಗೆ ಗೊತ್ತಿರುತ್ತದೆ. ತೆರೆಯ ಮೇಲೆ ಅಂಕಿ ಮಾತ್ರ ಬರುತ್ತದೆ, ತಂತಿ ಬರುವುದಿಲ್ಲ. ಹಾಗೆಂದು ಸಾಫ್ಟ್‌ವೇರ್ ಬೇಡವೆನ್ನುವ ದಡ್ಡನಲ್ಲ ನಾನು. ಆರನೇ ದರ್ಜೆಯ ಸಮೀಕರಣ ಕೈಯಿಂದ ಬಿಡಿಸಲು ಕೂತವನಿಗೆ ಮಧ್ಯಾಹ್ನದ ಊಟ ತಪ್ಪುತ್ತದೆ. ಒಂದು ಸಲ ಕೈಯಿಂದ ಮಾಡಿ, ಆಮೇಲೆ ಬೇಕಾದಷ್ಟು ಸಲ ಅದರಿಂದ ಮಾಡಿಸಿಕೊಳ್ಳಿ.

ಅರ್ಧ ಹಾಳೆ ತುಂಬುವಷ್ಟರಲ್ಲಿ ಎಡವಿದ್ದೆಲ್ಲಿ ಎಂಬುದು ಕಂಡಿತು. ಇಂಟಿಗ್ರೇಟರ್‌ಗಳ ಹೆಸರನ್ನು ಉಲ್ಟಾ ಮಾಡಿದ್ದೆ, ನಾಬ್‌ಗಳನ್ನು ಹಾಗೇ ಬಿಟ್ಟಿದ್ದೆ. ಎಡಗಡೆಯ ನಾಬ್‌ನ ತಂತಿ ಇನ್ನೂ ಕೊನೆಯ ಇಂಟಿಗ್ರೇಟರ್‌ಗೇ ಹೋಗುತ್ತಿತ್ತು. ಸಾಫ್ಟ್‌ವೇರಿನ ಅಂಕಿಗಳನ್ನು ಎಡದಿಂದ ಬಲಕ್ಕೆ ಕೂರಿಸಿದರೆ ಮೊದಲನೆಯದು ಕೊನೆಯದರ ಜಾಗದಲ್ಲಿ, ಕೊನೆಯದು ಮೊದಲನೆಯದರ ಜಾಗದಲ್ಲಿ. ಹಾಗಾದರೆ ಆರು, ಹನ್ನೊಂದು, ಆರಿಗೆ ಯಾಕೆ ಸರಿ ಬಂತು? ಆ ಸಾಲನ್ನು ಎತ್ತಲಿಂದ ಓದಿದರೂ ಒಂದೇ! ತಪ್ಪನ್ನು ಮುಚ್ಚಿಡಲೆಂದೇ ಹುಟ್ಟಿದಂಥ ಉದಾಹರಣೆ. ಎಲ್ಲ ಪುಸ್ತಕದಲ್ಲೂ ಇದೆಯೆಂದು ನಾನು ಅದನ್ನೇ ಎತ್ತಿಕೊಂಡಿದ್ದೆ.

ಪ್ರೊಫೆಸರರು ನನ್ನ ಹಾಳೆಯನ್ನು ಸಾವಕಾಶವಾಗಿ ಓದಿದರು. ಒಂದು ಕಡೆ ಮೈನಸ್ ಬಿಟ್ಟಿದ್ದನ್ನು ತಿದ್ದಿದರು. "ಸರಿ ಅದ. ನಾಬ್‌ಗೂ ಒಂದು ಪಟ್ಟಿ ಮಾಡಿಕೊಂಡು ಬರ್ರಿ."

"ಇಲ್ಲೇ ಕಾಗದದ ಚೀಟಿ ಹಚ್ಚತೀನ್ರಿ ಸರ, ಸಹಿ ಮಾಡಿಬಿಡ್ರಿ."

"ಕಾಗದದ ಮ್ಯಾಲೆ ಮುಳ್ಳು ಅಲುಗಾಡತದೇನ್ರಿ? ಕರೆಂಟ್ ಬಂದ ಮ್ಯಾಲೆ ನೋಡೂಣು."

"ಹಂಗಾದ್ರ ನಾಳೆ ಬರ್ತೀನ್ರಿ."

"ನಾಳಿಂದ ನಾ ಪುಣಾದಾಗ ಪೇಪರ್ ತಿದ್ದಾಕ ಹೊಂಟೀನಿ. ಮುಂದಿನ ತಿಂಗಳು ನಡುವ ಬರ್ತೀನಿ, ಆವಾಗ ಬರ್ರಿ."

ಮುಂದಿನ ತಿಂಗಳ ನಡುವೆ ನನಗೆ ಆ ಸಹಿಯಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಆದರೆ ಅದನ್ನು ಹೇಳಲಿಲ್ಲ. ಎದುರಿನವನಿಗೆ ನಮ್ಮ ಅಗತ್ಯ ಗೊತ್ತಾದರೆ ಬೆಲೆ ಏರುತ್ತದೆ ಎಂಬುದು ನನ್ನ ಮೈಗೆ ಹತ್ತಿದ ಬುದ್ಧಿ. ಅದಕ್ಕೆ ಬದಲಾಗಿ ತಕ್ಕಡಿಗೆ ಒಂದೊಂದೇ ಹಾಕುತ್ತ ಹೋದೆ. ಹೊಸ ಮ್ಯಾನ್ಯುಅಲ್ ಎಂದೆ, ತಲೆಯಾಡಿಸಿದರು. ವೈರಿನ ಇನ್ನೊಂದು ಸೆಟ್ ಎಂದೆ; ಕಿಟಕಿಯಾಚೆ ನೋಡಿದರು. ಅಂಗಡಿಯಲ್ಲಿ ಮಾಲೆಲ್ಲ ಮುಗಿದವನಂತೆ ಕೊನೆಗೆ ಅಂದೆ: "ಸರ, ಹುಡುಗರ ಪ್ರಾಕ್ಟಿಕಲ್ ಮುಗಿಯೂತನಕ ನಾನೇ ಸ್ವತಾ ಬಂದು ಕಲಿಸಿಕೊಟ್ಟು ಹೋಗ್ತೀನ್ರಿ. ಮತ್ತೇನ್ ಬೇಕ್ರಿ?"

ಅವರ ಮುಖ ಅರಳಿತು. "ಇದು ಮಾತು," ಎಂದು ಪೆನ್ನು ತೆಗೆದು ಸಹಿ ಮಾಡಿದರು. ಸಹಿಯ ಮೇಲೆ, ಚೊಕ್ಕ ಅಕ್ಷರದಲ್ಲಿ, ಇದೇ ಎಂಜಿನಿಯರು ಮೊದಲ ಬ್ಯಾಚಿನ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯುವವರೆಗೆ ಖುದ್ದಾಗಿ ಬರತಕ್ಕದ್ದು ಎಂಬ ಷರತ್ತನ್ನೂ ಬರೆದರು. ನಾನು ಸಹಿ ನೋಡಿದೆ, ಷರತ್ತನ್ನು ಓದಲೇ ಇಲ್ಲವೆನ್ನಬೇಕು. ಕೊನೆಯ ಬಸ್ಸಿನಲ್ಲಿ ನಿಂತುಕೊಂಡೇ ಸ್ವಾರಗೇಟಿಗೆ ಬಂದರೂ ಕಾಲು ನೋಯಲಿಲ್ಲ.

ಮಾಲೀಕರು ಮರುದಿನ ರಿಪೋರ್ಟನ್ನು ಕನ್ನಡಕ ಹಾಕಿಕೊಂಡು ಓದಿದರು. ಷರತ್ತಿಗೆ ಬಂದಾಗ ಕನ್ನಡಕ ತೆಗೆದರು.

"ತಮ್ಮಾ, ಇದು ನೀನ ಒಪ್ಪಿಕೊಂಡಿದ್ದಲ್ಲ?"

"ಹೌದ್ರಿ. ಆದರ ಸಹಿ ತಂದೀನಲ್ರಿ. ನೀವು ಅಂದಿದ್ದು ಸಹಿ ತಾ ಅಂತ."

"ಸಹಿ ಬಂದದ, ನಾ ಇಲ್ಲ ಅನ್ನಂಗಿಲ್ಲ. ಆದರ ನೀ ಹೋದ್ರ ಈ ಷರತ್ತು ಮುರೀತದ. ಷರತ್ತು ಮುರದ್ರ ಸಹಿ ಎಲ್ಲಿ ಉಳೀತದ? ನಾ ಹಾಕಿದ್ದಲ್ಲಪಾ ಈ ಗಂಟು."

ಅವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಅವರು ಚಹಾ ತರಿಸಿದರು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಜೋಳದ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಎಲ್ಲಾರಿಗೂ ಶಾಣ್ಯಾತನ ಹೇಳಿಕೊಡ್ತೀರಿ. ಕಡೀಕ ನಿಮ್ಮನ್ನ ನೀವ ಪುಕ್ಕಟೆ ಕೊಟ್ಟು ಬಂದ್ರೇನು?"

ಒಂದನೇ ತಾರೀಖು ನಾನು ಚಿಂಚವಡಕ್ಕೆ ಹೋಗಲಿಲ್ಲ. ಭೋಸರಿಯ ಶೆಡ್ಡಿನಲ್ಲಿ ನಾಬ್‌ಗಳಿಗೆ ಪಟ್ಟಿ ಕತ್ತರಿಸುತ್ತಿದ್ದೆ.

ಮೊದಲ ಬ್ಯಾಚಿನ ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನೂ ಒಂದು ವರ್ಷವಿತ್ತು. ಆ ವರ್ಷವಿಡೀ ತಿಂಗಳು ತಿಂಗಳು ಅದೇ ರಸ್ತೆ. ಕಬ್ಬು ಕಡಿದರು, ಮತ್ತೆ ನೆಟ್ಟರು, ಅದು ಬಸ್ಸಿನ ಕಿಟಕಿಯ ಎತ್ತರಕ್ಕೆ ಬಂತು; ನಾನು ಅದೇ ಲ್ಯಾಬಿನಲ್ಲಿ ಅದೇ ಮೂರು ಇಂಟಿಗ್ರೇಟರ್‌ಗಳ ಮುಂದೆ. ಹುಡುಗರಿಗೆ ಮೊದಲು ಕೈಯಿಂದ ಬರೆಸುತ್ತಿದ್ದೆ, ಆಮೇಲೆ ತೆರೆಯ ಮೇಲೆ ತೆಗೆಸುತ್ತಿದ್ದೆ, ಯಾವ ಬದಿಯಿಂದ ಎಣಿಸಿದ್ದೀರಿ ಎಂಬುದನ್ನು ಉತ್ತರದ ಮೇಲೆಯೇ ಬರೆಯಿರಿ ಎನ್ನುತ್ತಿದ್ದೆ. ಚೆನ್ನಾಗಿ ಕಲಿಸಿದೆನಂತೆ. ಹಾಗೆಂದವರು ಪ್ರೊಫೆಸರರು. ಒಂದು ದಿನ ಕ್ಯಾಂಟೀನಿನಲ್ಲಿ ಮಿಸಳ್ ತಿನ್ನುವಾಗ ಅವರು, "ಇಷ್ಟು ಬರೂ ಮನಷ್ಯಾ ಆ ಶೆಡ್ಡಿನಾಗ ಯಾಕ ಇದ್ದೀರಿ? ದೊಡ್ಡ ಕಂಪನಿ ನೋಡಕೋಬಾರದ?" ಎಂದರು.

ಅಷ್ಟು ದಿನ ಕಟ್ಟಿಕೊಂಡಿದ್ದು ಬಾಯಿಗೆ ಬಂತು. ಸರ್ಟಿಫಿಕೇಟಿನ ಕಥೆಯೆಲ್ಲ ಹೇಳಿದೆ. ಅವರು ಚಮಚೆ ಕೆಳಗಿಟ್ಟರು.

"ಅಲ್ರೀ, ಆವತ್ತ ಒಂದು ಮಾತು ಹೇಳಬಾರದ? ಲೆಕ್ಕ ಸರಿ ಅಂತ ನಾನ ಹೇಳಿದ್ದೆ. ಬರೇ ಸಹಿ ಮಾಡಿ ಕಳಸ್ತಿದ್ದೆ."

ಮಾಡುತ್ತಿದ್ದರೋ ಇಲ್ಲವೋ, ಈಗಲೂ ನನಗೆ ಖಾತ್ರಿಯಿಲ್ಲ. ಒಮ್ಮೆ ಮಾಡುತ್ತಿದ್ದರು ಅನ್ನಿಸುತ್ತದೆ. ಇನ್ನೊಮ್ಮೆ, ನನ್ನ ಅವಸರ ಕಂಡು ಇನ್ನೂ ಒಂದು ಸಮೀಕರಣ ಹಾಕುತ್ತಿದ್ದರು ಅನ್ನಿಸುತ್ತದೆ. ಆದರೆ ಅಗತ್ಯವನ್ನು ಮುಚ್ಚಿಡುವುದು ಎಲ್ಲ ಕಡೆಯೂ ನಡೆಯುವ ಮಾತಲ್ಲ ಎಂದು ಆಮೇಲೆ ಕಲಿತೆ. ಅಂಗಡಿಯವನ ಮುಂದೆ ಮುಚ್ಚಿಡಿ. ಮೇಷ್ಟರ ಮುಂದೆ ಒಂದು ಸಲ ಬಿಚ್ಚಿ ನೋಡಿ.

ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮರುದಿನ, ನಾನು ಕೇಳುವ ಮೊದಲೇ ಮಾಲೀಕರು ಕಪಾಟು ತೆರೆದು ಸರ್ಟಿಫಿಕೇಟುಗಳನ್ನು ಕೈಯಲ್ಲಿಟ್ಟರು. ಅವು ಬಣ್ಣಗೆಟ್ಟಿರಲಿಲ್ಲ, ಮಡಿಕೆಯೂ ಬಿದ್ದಿರಲಿಲ್ಲ. ನನಗಿಂತ ಚೆನ್ನಾಗಿ ಕಾಪಾಡಿದ್ದರು. ಚಿಂಚವಡದ ಜಾಗ ಎಂದೋ ತುಂಬಿತ್ತು. ಆ ವರ್ಷ ಎಲ್ಲ ಕಡೆ ಹೊಸಬರ ಭರ್ತಿ ನಿಂತಿತ್ತು. ಹೋಗಲು ಜಾಗವಿಲ್ಲವೆಂದು ನನಗೆ ಗೊತ್ತಿತ್ತು, ಬಹುಶಃ ಅವರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಸರ್ಟಿಫಿಕೇಟುಗಳನ್ನು ಮನೆಯ ಟ್ರಂಕಿನಲ್ಲಿಟ್ಟು, ಎಂದಿನ ಹೊತ್ತಿಗೇ ಶೆಡ್ಡಿಗೆ ಬಂದೆ. ಮಾಲೀಕರು ಊದುಬತ್ತಿ ಹಚ್ಚುತ್ತಿದ್ದರು. ತಿರುಗಿ ನೋಡಿ, ಆಶ್ಚರ್ಯಪಡದೆ ಕೇಳಿದರು:

"ಬಂದ್ಯಾ? ಬೆಂಚಿನ ಮ್ಯಾಲೆ ಶಿರೂರಿನ ಕಾಲೇಜಿನ ಪೆಟ್ಟಿಗಿ ಹಂಗ ಅದ, ಮುಗಸು."

ನಾನು ಬೆಂಚಿನ ಕಡೆ ಹೋಗಲಿಲ್ಲ. ಅವರ ಮೇಜಿನ ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಮುಗಸ್ತೀನ್ರಿ ಸಾಹುಕಾರ್ರ. ಮೊದಲ ಪಗಾರದ ಮಾತು ಆಡೂಣ್ರಿ."

ಅವರು ಕಡ್ಡಿ ಆರಿಸಿದರು. ಆಮೇಲೆ ಚಹಾ ಹೇಳಲು ಎದ್ದರು.